ಕೋಲಾರಕ್ಕೆ ಬಂದ ಎರಡು ತಂತಿಗಳು

ಕೋಲಾರದ ಸೀಮೆಗೆ ನೂರು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ವಿದ್ಯುತ್ ಮಾರ್ಗಗಳು ಬಂದವು. ಮೊದಲನೆಯದು 1902ರಲ್ಲಿ, ಕಾವೇರಿ ಧುಮುಕುವ ಶಿವನಸಮುದ್ರದಿಂದ. ಅದರ ಉದ್ದ ಸುಮಾರು 147 ಕಿಲೋಮೀಟರ್. ಎರಡನೆಯದು 2003ರಲ್ಲಿ, ಒಡಿಶಾದ ತಾಲ್ಚೇರ್ ಎಂಬ ಕಲ್ಲಿದ್ದಲು ನಾಡಿನಿಂದ. ಅದರ ಉದ್ದ ಸುಮಾರು 1,400 ಕಿಲೋಮೀಟರ್. ಎರಡೂ ತಮ್ಮ ತಮ್ಮ ಕಾಲಕ್ಕೆ ಸಾಹಸಗಳೇ. ಮೊದಲನೆಯ ತಂತಿ ಬಂದದ್ದು ಚಿನ್ನದ ಗಣಿಗಾಗಿ. ಎರಡನೆಯದು ಬರುವ ಹೊತ್ತಿಗೆ ಆ ಗಣಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು.

ಈ ಎರಡು ತಂತಿಗಳ ನಡುವಿನ ಕಾಲದಲ್ಲಿ ವಿದ್ಯುತ್ತಿನ ಶಾಸ್ತ್ರ ನಡೆದು ಬಂದ ದಾರಿ ದೊಡ್ಡದು. ಮೊದಲನೆಯದು ನೀರು, ಕಬ್ಬಿಣ, ತಾಮ್ರಗಳ ವಿದ್ಯೆ. ಎರಡನೆಯದರಲ್ಲಿ ಇವುಗಳ ಜೊತೆಗೆ ಸಿಲಿಕಾನ್ ಸೇರಿಕೊಂಡಿದೆ. ಗಡಿಯಾರ, ರೇಡಿಯೊ, ಕಂಪ್ಯೂಟರುಗಳಲ್ಲಿ ಅತಿ ಸಣ್ಣ ಪ್ರವಾಹಗಳನ್ನು ಆಡಿಸುತ್ತಿದ್ದ ಎಲೆಕ್ಟ್ರಾನಿಕ್ಸ್, ಈಗ ಇಡೀ ನಗರಕ್ಕೆ ಬೇಕಾದ ವಿದ್ಯುತ್ತನ್ನೇ ಹಿಡಿದು ತಿರುಗಿಸುವ ಮಟ್ಟಕ್ಕೆ ಬೆಳೆದಿದೆ. ಇಂದು ವಿದ್ಯುತ್ ಕ್ಷೇತ್ರದಲ್ಲಿ ಕಾಣುತ್ತಿರುವ ಹೊಸ ಸಾಧನೆಗಳೂ ಹೊಸ ಕಷ್ಟಗಳೂ ಬಹುಪಾಲು ಹುಟ್ಟುತ್ತಿರುವುದು ಈ ಕೂಡಿಕೆಯಿಂದಲೇ.

ಚಿನ್ನಕ್ಕಾಗಿ ಬಂದ ಬೆಳಕು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ದೂರದಿಂದ ತರಿಸುವ ಕಲ್ಲಿದ್ದಲಿನ ಖರ್ಚು ವಿಪರೀತವಾಗಿತ್ತು. ಗಣಿ ಆಳಕ್ಕಿಳಿದಷ್ಟೂ ಅದಿರನ್ನು ಮೇಲೆತ್ತಲು, ನೀರನ್ನು ಹೊರಹಾಕಲು, ಗಾಳಿ ಆಡಿಸಲು ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿಯ ಶಕ್ತಿ ಬಂಡೆಗಳ ಮೇಲೆ ಸುಮ್ಮನೆ ಬಿದ್ದು ಹೋಗುತ್ತಿತ್ತು. ಇವೆರಡನ್ನೂ ಜೋಡಿಸಬಹುದೆಂಬ ಯೋಜನೆಯನ್ನು ಮೈಸೂರು ಸರ್ಕಾರದ ಮುಂದಿಟ್ಟು, ಅದಕ್ಕಾಗಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದವರು ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್. ಅದನ್ನು ಕೈಗೆತ್ತಿಕೊಳ್ಳುವ ಧೈರ್ಯ ತೋರಿದವರು ದಿವಾನ್ ಶೇಷಾದ್ರಿ ಅಯ್ಯರ್. 1901ರಲ್ಲಿ ತೀರಿಕೊಂಡ ಅವರಿಗೆ ಅದರ ಫಲ ನೋಡಲು ಸಿಗಲಿಲ್ಲ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಕೋಲಾರ ತಲುಪಿತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಆರಂಭದ ಸಾಮರ್ಥ್ಯ ನಾಲ್ಕೂವರೆ ಮೆಗಾವಾಟ್‌ಗೂ ಕಡಿಮೆ. ಇಂದು ನಗರದ ಒಂದು ದೊಡ್ಡ ವಾಣಿಜ್ಯ ಸಂಕೀರ್ಣವೇ ಅಷ್ಟನ್ನು ಬಳಸಿಬಿಡಬಹುದು. ಆದರೆ ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಮೂರು ವರ್ಷಗಳ ನಂತರ, 1905ರ ಆಗಸ್ಟ್ 5ರಂದು, ಇದೇ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಮೈಸೂರಿಗೆ ಬೆಳಕು ಬಂದದ್ದು 1908ರಲ್ಲಿ. ಗಣಿಗೆಂದು ತಂದದ್ದು ಊರಿಗೂ ಒದಗಿತು ಎನ್ನಬಹುದು. ಮೊದಲು ಗಣಿ, ಆಮೇಲೆ ನಗರ, ಎಷ್ಟೋ ದಶಕಗಳ ನಂತರ ಹಳ್ಳಿ ಎಂಬ ಕ್ರಮವೂ ಅಂದೇ ಗೊತ್ತಾಯಿತು.

ಕಾವೇರಿಯ ನೀರು ವರ್ಷವಿಡೀ ಒಂದೇ ಸಮನಾಗಿ ಬರುವುದಿಲ್ಲ. ಬೇಸಿಗೆಯಲ್ಲಿ ಹರಿವು ಸೊರಗಿದರೆ ಗಣಿಯ ಯಂತ್ರಗಳು ನಿಲ್ಲುತ್ತವೆ. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವನ್ನು ನೆನೆಯುವಾಗ ಮಂಡ್ಯದ ಗದ್ದೆಗಳು ಕಣ್ಣಮುಂದೆ ಬರುತ್ತವೆ. ಆದರೆ ಆ ಅಣೆಕಟ್ಟಿನ ಮೊದಲ ಲೆಕ್ಕಾಚಾರದಲ್ಲಿ ಶಿವನಸಮುದ್ರಕ್ಕೆ ನಿರಂತರವಾಗಿ ನೀರು ಒದಗಿಸುವುದೂ ಮುಖ್ಯ ಉದ್ದೇಶವಾಗಿತ್ತು. ವಿದ್ಯುತ್ತನ್ನು ಕೂಡಿಡಲು ಆಗದಿದ್ದರೆ ನೀರನ್ನು ಕೂಡಿಡಬೇಕು. ವಿಶ್ವೇಶ್ವರಯ್ಯನವರ ಕಾಲದ ಈ ಸರಳ ಸತ್ಯ ನೂರು ವರ್ಷಗಳ ನಂತರ ಬೇರೊಂದು ರೂಪದಲ್ಲಿ ಮತ್ತೆ ಎದುರಾಗಿದೆ.

ಒಂದೇ ನೊಗದ ಎತ್ತುಗಳು

ವಿದ್ಯುತ್ತನ್ನು ದೂರಕ್ಕೆ ಸಾಗಿಸಲು ವೋಲ್ಟೇಜನ್ನು ಏರಿಸಬೇಕು. ವೋಲ್ಟೇಜು ಎರಡರಷ್ಟಾದರೆ ಅದೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿ ಕಳಿಸಬಹುದು. ತಂತಿ ಕಾಯ್ದು ಆಗುವ ನಷ್ಟ ಆಗ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹೀಗೆ ವೋಲ್ಟೇಜನ್ನು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್, ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ವಿದ್ಯುತ್ತಿಗೆ ಮಾತ್ರ ಒಗ್ಗುತ್ತದೆ. ಹಾಗಾಗಿ ಜಗತ್ತು ಎ.ಸಿ.ಯನ್ನೇ ಆರಿಸಿಕೊಂಡಿತು.

ಎ.ಸಿ. ವಿದ್ಯುತ್ತು ಸೆಕೆಂಡಿಗೆ ಎಷ್ಟು ಆವರ್ತ ಪೂರೈಸುತ್ತದೆ ಎಂಬುದೇ ಅದರ ಆವರ್ತನ, ಅಂದರೆ ಫ್ರೀಕ್ವೆನ್ಸಿ. ಶಿವನಸಮುದ್ರದ್ದು ಆರಂಭದಲ್ಲಿ 25 ಆವರ್ತದ ವಿದ್ಯುತ್ತು. ನಿಧಾನವಾಗಿ ತಿರುಗುವ ಭಾರಿ ಮೋಟರುಗಳಿಗೆ ಅದು ಅನುಕೂಲವಾಗಿತ್ತು. ಮುಂದೆ ದೇಶವೆಲ್ಲ 50 ಆವರ್ತಕ್ಕೆ ಹೊಂದಿಕೊಂಡಿತು. ಎರಡು ವಿದ್ಯುತ್ ಕೇಂದ್ರಗಳನ್ನು ಎ.ಸಿ. ತಂತಿಯಿಂದ ಜೋಡಿಸಬೇಕಾದರೆ ಅವೆರಡೂ ಒಂದೇ ಲಯದಲ್ಲಿ ತಿರುಗಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ. ಒಂದು ಎಡವಿದರೆ ಇನ್ನೊಂದರ ಕತ್ತಿಗೆ ಭಾರ ಬೀಳುತ್ತದೆ. ಭಾರ ಹೆಚ್ಚಾದಾಗ ಎಲ್ಲವೂ ಒಟ್ಟಿಗೆ ನಿಧಾನವಾಗುತ್ತವೆ, ಕಡಿಮೆಯಾದಾಗ ಒಟ್ಟಿಗೆ ವೇಗ ಪಡೆಯುತ್ತವೆ. ಆದ್ದರಿಂದ ಆವರ್ತನವೆಂದರೆ ಇಡೀ ಜಾಲದ ನಾಡಿ. ಬೇಡಿಕೆ ಮತ್ತು ಉತ್ಪಾದನೆ ಸಮನಾಗಿವೆಯೇ ಎಂಬುದನ್ನು ಅದೊಂದೇ ಸಂಖ್ಯೆ ಹೇಳಿಬಿಡುತ್ತದೆ.

ವಿದ್ಯುತ್ ಕೊರತೆ ತೀವ್ರವಾಗಿದ್ದ ತೊಂಬತ್ತರ ದಶಕದಲ್ಲಿ ದಕ್ಷಿಣದ ಜಾಲದ ನಾಡಿ ಆಗಾಗ 48.5ಕ್ಕಿಂತ ಕೆಳಗೆ ಜಾರುತ್ತಿತ್ತು. ಸಂಜೆ ಮಿಣುಕುವ ದೀಪಗಳು, ಸುಟ್ಟುಹೋಗುವ ಪಂಪ್‌ಸೆಟ್‌ಗಳು, ದಿನಕ್ಕೆ ಹಲವು ಗಂಟೆಗಳ ಲೋಡ್ ಶೆಡ್ಡಿಂಗ್ ಆ ಕಾಲದ ನೆನಪುಗಳು. 2003ರ ಜನವರಿಯಿಂದ ದಕ್ಷಿಣ ವಲಯದಲ್ಲಿ ಹೊಸ ದರ ಪದ್ಧತಿ ಜಾರಿಗೆ ಬಂತು. ಆವರ್ತನ ಇಳಿದಾಗ ಪಾಲಿಗಿಂತ ಹೆಚ್ಚು ವಿದ್ಯುತ್ ಎಳೆದುಕೊಳ್ಳುವ ರಾಜ್ಯ ಹೆಚ್ಚು ಬೆಲೆ ತೆರಬೇಕಾಯಿತು. ಯಂತ್ರಕ್ಕೆ ಬಗ್ಗದ ಶಿಸ್ತು ಹಣಕ್ಕೆ ಬಗ್ಗಿತು. ಇಂದು ದೇಶದ ನಿಯಮ ಇನ್ನೂ ಬಿಗಿಯಾಗಿದೆ: ಆವರ್ತನ 49.90 ಮತ್ತು 50.05ರ ನಡುವೆ ಇರಬೇಕು.

ಲಯದ ಹಂಗಿಲ್ಲದ ಸೇತುವೆ

ತಾಲ್ಚೇರ್‌ನಿಂದ ಕೋಲಾರಕ್ಕೆ ಬಂದ ತಂತಿಯ ವಿಶೇಷ ಇರುವುದು ಇಲ್ಲಿ. ಅದು ಎ.ಸಿ. ಮಾರ್ಗವಲ್ಲ; ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಮಾರ್ಗ. ಒಡಿಶಾದ ತುದಿಯಲ್ಲಿ ಎ.ಸಿ.ಯನ್ನು ಡಿ.ಸಿ.ಯಾಗಿ ಮಾರ್ಪಡಿಸಿ, ಐದು ಲಕ್ಷ ವೋಲ್ಟ್ ಒತ್ತಡದಲ್ಲಿ ಸಾಗಿಸಿ, ಕೋಲಾರದಲ್ಲಿ ಮತ್ತೆ ಎ.ಸಿ. ಮಾಡಲಾಗುತ್ತದೆ. ಎರಡು ತುದಿಯ ಕಟ್ಟಡಗಳೂ ಯಂತ್ರಗಳೂ ಬಹಳ ದುಬಾರಿ. ಆದರೆ ಸಾವಿರ ಕಿಲೋಮೀಟರ್ ದಾಟಿದ ಮೇಲೆ ಡಿ.ಸಿ.ಯೇ ಅಗ್ಗ. ತಂತಿಗಳ ಸಂಖ್ಯೆ ಕಡಿಮೆ, ನಷ್ಟವೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ತುದಿಯ ಜಾಲಗಳು ಒಂದೇ ಲಯದಲ್ಲಿ ಇರಬೇಕಾದ ಅಗತ್ಯವಿಲ್ಲ. ಎಷ್ಟು ವಿದ್ಯುತ್ತು ಹೋಗಬೇಕೆಂಬುದನ್ನು ಮನುಷ್ಯ ನಿರ್ಧರಿಸಬಹುದು. 1954ರಲ್ಲಿ ಸ್ವೀಡನ್ ತನ್ನ ಗಾಟ್‌ಲೆಂಡ್ ದ್ವೀಪಕ್ಕೆ ಸಮುದ್ರದಡಿಯಲ್ಲಿ ಹಾಕಿದ 20 ಮೆಗಾವಾಟ್‌ನ ಡಿ.ಸಿ. ಕೇಬಲ್ಲಿನಿಂದ ವಾಣಿಜ್ಯ ಮಟ್ಟದಲ್ಲಿ ಆರಂಭವಾದ ಈ ವಿದ್ಯೆ, ಕೋಲಾರಕ್ಕೆ ಬರುವಾಗ 2,000 ಮೆಗಾವಾಟ್ ಹೊರುವಷ್ಟು ಬಲಿತಿತ್ತು.

ಆ ಸೇತುವೆಯ ಬೆಲೆ ತಿಳಿದದ್ದು 2012ರಲ್ಲಿ. ಆ ವರ್ಷದ ಜುಲೈ 30ರಂದು ಗ್ವಾಲಿಯರ್ ಬಳಿಯ ಒಂದು ಮಾರ್ಗ ಭಾರ ತಾಳದೆ ಕಳಚಿಕೊಂಡಿತು. ಅದರ ಹೊರೆ ಪಕ್ಕದ ಮಾರ್ಗಗಳ ಮೇಲೆ ಬಿತ್ತು, ಅವೂ ಕಳಚಿದವು. ಉತ್ತರ ಭಾರತ ಕತ್ತಲಾಯಿತು. ಮಾರನೆಯ ದಿನ ಮತ್ತೆ ಅದೇ ಕಥೆ. ಈ ಬಾರಿ ಪೂರ್ವ ಮತ್ತು ಈಶಾನ್ಯ ಭಾರತವೂ ಸೇರಿ ಸುಮಾರು 60 ಕೋಟಿ ಜನರಿಗೆ ವಿದ್ಯುತ್ ಇಲ್ಲವಾಯಿತು. ರೈಲುಗಳು ಹಳಿಯ ಮೇಲೆ ನಿಂತವು. ಪಶ್ಚಿಮ ಬಂಗಾಳದಲ್ಲಿ ಗಣಿ ಕಾರ್ಮಿಕರು ಭೂಮಿಯೊಳಗೆ ಸಿಕ್ಕಿಕೊಂಡು, ಗಂಟೆಗಳ ನಂತರ ಹೊರಬಂದರು. ದಕ್ಷಿಣ ಭಾರತಕ್ಕೆ ಬರುತ್ತಿದ್ದ ವಿದ್ಯುತ್ತು ಒಮ್ಮೆಗೇ ಕಡಿತಗೊಂಡರೂ ಜಾಲ ಉರುಳಲಿಲ್ಲ. ಉತ್ತರದ ನೊಗಕ್ಕೆ ದಕ್ಷಿಣ ಇನ್ನೂ ಕತ್ತು ಕೊಟ್ಟಿರಲಿಲ್ಲ. ನಡುವೆ ಇದ್ದದ್ದು ಡಿ.ಸಿ. ಸಂಪರ್ಕ ಮಾತ್ರ. ಕೆಲವು ಕಡೆ ಸ್ವಯಂಚಾಲಿತವಾಗಿ ಬೇಡಿಕೆಯನ್ನು ಕಡಿದು, ಉಳಿದ ಜಾಲವನ್ನು ಕಾಪಾಡಿಕೊಳ್ಳಲಾಯಿತು.

ಮರುವರ್ಷದ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವೆ 765 ಕಿಲೋವೋಲ್ಟ್‌ನ ಎ.ಸಿ. ಮಾರ್ಗ ಜೋಡಣೆಯಾಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಜಾಲ, ಒಂದೇ ಆವರ್ತನ. ದಕ್ಷಿಣದ ಕೊರತೆಗೆ ಉತ್ತರದ ವಿದ್ಯುತ್ತು ಸುಲಭವಾಗಿ ಹರಿದು ಬಂತು. ಜೊತೆಗೆ ಎಲ್ಲಿಯೋ ಎಡವಿದ ಎತ್ತಿನ ಭಾರವನ್ನು ಹಂಚಿಕೊಳ್ಳುವ ಹೊಣೆಯೂ ಬಂತು. ಈ ದೊಡ್ಡ ಜಾಲದ ಕಸುವನ್ನು 2020ರ ಏಪ್ರಿಲ್ 5ರ ರಾತ್ರಿ ನೋಡಬಹುದಾಗಿತ್ತು. ಕೊರೋನಾ ಕಾಲದಲ್ಲಿ ಒಂಬತ್ತು ನಿಮಿಷ ದೀಪ ಆರಿಸಬೇಕೆಂಬ ಪ್ರಧಾನಿಯ ಕರೆಗೆ ದೇಶ ಓಗೊಟ್ಟಾಗ, ಬೇಡಿಕೆ ಒಮ್ಮೆಗೇ ಸುಮಾರು 31,000 ಮೆಗಾವಾಟ್‌ನಷ್ಟು ಕುಸಿಯಿತು. ಕೆಲವೇ ನಿಮಿಷಗಳಲ್ಲಿ ಮತ್ತೆ ಏರಿತು. ಬೇಗ ಏರಿಸಿ ಇಳಿಸಬಹುದಾದ ಜಲವಿದ್ಯುತ್ ಕೇಂದ್ರಗಳನ್ನು ಮುಂದಿಟ್ಟುಕೊಂಡು ಜಾಲದ ನಿರ್ವಾಹಕರು ಆ ಏರಿಳಿತವನ್ನು ದಾಟಿಸಿದರು. ಮನೆಯಂಗಳದಲ್ಲಿ ಹಣತೆ ಹಚ್ಚಿದವರಿಗೆ ಅದರ ಸುಳಿವೂ ಇರಲಿಲ್ಲ.

ಜಾಲಹಳ್ಳಿಯ ಹುಡುಗ

ಕೋಲಾರದ ಡಿ.ಸಿ. ಕೇಂದ್ರದಲ್ಲಿ ವಿದ್ಯುತ್ತನ್ನು ಮಾರ್ಪಡಿಸುವುದು ಥೈರಿಸ್ಟರ್ ಎಂಬ ಸಿಲಿಕಾನ್ ಬಿಲ್ಲೆಗಳ ಸಾಲು. ಥೈರಿಸ್ಟರ್ ಒಂದು ವಿಚಿತ್ರ ಸ್ವಿಚ್ಚು. ಅದನ್ನು ಬೇಕೆಂದಾಗ ಹಾಕಬಹುದು, ಆದರೆ ಬೇಕೆಂದಾಗ ಆರಿಸಲು ಬರುವುದಿಲ್ಲ. ಹರಿಯುವ ಪ್ರವಾಹ ತಾನಾಗಿಯೇ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ತೂಬು ತೆರೆಯಲು ಬಂದು ಮುಚ್ಚಲು ಬಾರದ ನೀರುಗಂಟಿಯಂತೆ ಅದರ ಸ್ಥಿತಿ. ಇನ್ನೊಂದೆಡೆ, ಚಿಕ್ಕ ಸನ್ನೆಗೇ ತೆರೆದು ಮುಚ್ಚುವ ಟ್ರಾನ್ಸಿಸ್ಟರುಗಳಿದ್ದವು; ಅವಕ್ಕೆ ದೊಡ್ಡ ಪ್ರವಾಹ ತಾಳುವ ಶಕ್ತಿ ಇರಲಿಲ್ಲ.

ಈ ಎರಡರ ಗುಣಗಳನ್ನೂ ಒಂದೇ ಸಿಲಿಕಾನ್ ತುಂಡಿನಲ್ಲಿ ಕೂಡಿಸಿದ ಸಾಧನ ಐ.ಜಿ.ಬಿ.ಟಿ. ಅದನ್ನು 1980ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರು ಬಂಟ್ವಾಳ ಜಯಂತ ಬಾಳಿಗ. 1948ರಲ್ಲಿ ಹುಟ್ಟಿದ ಅವರ ಬಾಲ್ಯ ಕಳೆದದ್ದು ಬೆಂಗಳೂರಿನ ಹೊರವಲಯದಲ್ಲಿದ್ದ ಜಾಲಹಳ್ಳಿಯಲ್ಲಿ. ಅವರ ತಂದೆ ಸ್ವಾತಂತ್ರ್ಯಪೂರ್ವದಲ್ಲೇ ಇಂಜಿನಿಯರಿಂಗ್ ಓದಿ, ದೇಶದ ಎಲೆಕ್ಟ್ರಾನಿಕ್ಸ್ ಉದ್ಯಮದ ಆರಂಭದಲ್ಲಿ ದುಡಿದವರು. ಮಗ ಮದ್ರಾಸಿನ ಐ.ಐ.ಟಿ.ಯಲ್ಲಿ 1969ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಶಿವನಸಮುದ್ರಕ್ಕೆ ಜನರೇಟರುಗಳನ್ನು ಕಳಿಸಿದ ಕಂಪನಿಗೆ, ಸುಮಾರು ಎಂಬತ್ತು ವರ್ಷಗಳ ನಂತರ ಬೆಂಗಳೂರಿನಲ್ಲಿ ಬೆಳೆದ ಇಂಜಿನಿಯರ್ ಒಬ್ಬರು ಹೊಸ ಸ್ವಿಚ್ಚನ್ನು ಕೊಟ್ಟಂತಾಯಿತು.

ಹೆಸರು ಕೇಳದವರ ಮನೆಯಲ್ಲೂ ಐ.ಜಿ.ಬಿ.ಟಿ. ಕೆಲಸ ಮಾಡುತ್ತಿದೆ. ಇಂಡಕ್ಷನ್ ಒಲೆ, ಇನ್ವರ್ಟರ್ ಎ.ಸಿ., ಬ್ಯಾಟರಿ ಕಾರು, ಮೆಟ್ರೊ ರೈಲಿನ ಮೋಟರು, ಆಸ್ಪತ್ರೆಯಲ್ಲಿ ನಿಂತ ಎದೆಬಡಿತವನ್ನು ಮರಳಿಸುವ ಯಂತ್ರ ಹೀಗೆ ಪಟ್ಟಿ ದೊಡ್ಡದು. ಮೊದಲು ಮೋಟರೆಂದರೆ ಪೂರ್ಣ ವೇಗದಲ್ಲಿ ಓಡಬೇಕು, ಇಲ್ಲವೇ ನಿಲ್ಲಬೇಕು. ಈಗ ಬೇಕಾದಷ್ಟೇ ಓಡುತ್ತದೆ, ಬೇಕಾದಷ್ಟೇ ಉಣ್ಣುತ್ತದೆ. ಇದರಿಂದ ಉಳಿದ ವಿದ್ಯುತ್ತು ಅಪಾರ. ಈ ಸಾಧನೆಗೆ ಬಾಳಿಗರು 2015ರಲ್ಲಿ ಗ್ಲೋಬಲ್ ಎನರ್ಜಿ ಪ್ರಶಸ್ತಿಯನ್ನೂ 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿಯನ್ನೂ ಪಡೆದರು.

ಐ.ಜಿ.ಬಿ.ಟಿ. ಬಂದ ಮೇಲೆ ಡಿ.ಸಿ. ಮಾರ್ಗಗಳ ಸ್ವರೂಪವೂ ಬದಲಾಯಿತು. ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶ್ಶೂರಿಗೆ 2021ರಲ್ಲಿ ಚಾಲನೆಗೊಂಡ 2,000 ಮೆಗಾವಾಟ್ ಮಾರ್ಗ ಈ ಹೊಸ ಬಗೆಯದು. ಇದರ ಕೇಂದ್ರಗಳಿಗೆ ಕಡಿಮೆ ಜಾಗ ಸಾಕು. ಮಾರ್ಗದ ಒಂದು ಭಾಗವನ್ನು ನೆಲದಡಿಯ ಕೇಬಲ್ಲಿನಲ್ಲಿ ಒಯ್ಯಲಾಗಿದೆ. ಮನೆಗಳೂ ತೋಟಗಳೂ ಒತ್ತಾಗಿರುವ ಕೇರಳದಲ್ಲಿ ಇದು ಸಣ್ಣ ಅನುಕೂಲವಲ್ಲ.

ಸಿಲಿಕಾನ್ ಕೂಡ ಈಗ ತನ್ನ ಮಿತಿಯನ್ನು ಮುಟ್ಟುತ್ತಿದೆ. ಅದರ ಮುಂದಿನ ಸ್ಥಾನಕ್ಕೆ ಸಿಲಿಕಾನ್ ಕಾರ್ಬೈಡ್ ಮತ್ತು ಗ್ಯಾಲಿಯಂ ನೈಟ್ರೈಡ್ ಬಂದಿವೆ. ಸಿಲಿಕಾನ್ ಕಾರ್ಬೈಡ್ ಎಂಬುದು ಸಾಣೆಕಲ್ಲಿನಲ್ಲಿ ಬಳಸುವ ವಸ್ತುವೇ. ಅದರ ಶುದ್ಧ ಹರಳು ಸಿಲಿಕಾನ್‌ಗಿಂತ ಸುಮಾರು ಹತ್ತು ಪಟ್ಟು ತೀವ್ರವಾದ ವಿದ್ಯುತ್ ಕ್ಷೇತ್ರವನ್ನು ತಾಳುತ್ತದೆ. ಆದ್ದರಿಂದ ಅದೇ ವೋಲ್ಟೇಜಿಗೆ ತೆಳುವಾದ ಪದರ ಸಾಕು. ಪದರ ತೆಳುವಾದಷ್ಟೂ ನಷ್ಟ ಕಡಿಮೆ, ಬಿಸಿಯೂ ಕಡಿಮೆ. ತೊಂದರೆ ಇರುವುದು ಹರಳು ಬೆಳೆಸುವುದರಲ್ಲಿ. ಸಿಲಿಕಾನನ್ನು ಕರಗಿಸಿ ಎರಕದಿಂದ ಎಳೆಯಬಹುದು. ಸಿಲಿಕಾನ್ ಕಾರ್ಬೈಡನ್ನು ಎರಡು ಸಾವಿರ ಡಿಗ್ರಿಗೂ ಮೀರಿದ ಕಾವಿನಲ್ಲಿ ಆವಿಯಾಗಿಸಿ, ನಿಧಾನವಾಗಿ ಪದರಗಟ್ಟಿಸಬೇಕು. ಬೆಳೆದ ಹರಳನ್ನು ಸೀಳುವುದೂ ಕಷ್ಟ. ಗಡಸಿನಲ್ಲಿ ಅದು ವಜ್ರಕ್ಕೆ ಹತ್ತಿರ. ಹಾಗಾಗಿ ಬೆಲೆ ಹೆಚ್ಚು. ಗ್ಯಾಲಿಯಂ ನೈಟ್ರೈಡ್ ಈಗಾಗಲೇ ಮೊಬೈಲ್ ಚಾರ್ಜರುಗಳನ್ನು ಬೆಂಕಿಪೊಟ್ಟಣದ ಅಳತೆಯತ್ತ ತರುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದರ ಬಗ್ಗೆ ಸಂಶೋಧನೆ ನಡೆದಿದೆ.

ಪಾವಗಡದ ಬಿಸಿಲು

ತುಮಕೂರು ಜಿಲ್ಲೆಯ ಪಾವಗಡ ಬರಕ್ಕೆ ಹೆಸರಾದ ತಾಲ್ಲೂಕು. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕೂರುವುದು ಅಲ್ಲಿನ ರೈತರ ಪಾಡಾಗಿತ್ತು. ಅಲ್ಲಿ ಹೇರಳವಾಗಿದ್ದ ಬೆಳೆಯೆಂದರೆ ಬಿಸಿಲು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ ಸೌರ ಉದ್ಯಾನ 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್‌ನ ಪೂರ್ಣ ಸಾಮರ್ಥ್ಯ ಮುಟ್ಟಿತು. ಇಲ್ಲಿ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಭೂಮಿ ರೈತನ ಹೆಸರಿನಲ್ಲೇ ಉಳಿಯಿತು. ಅಣೆಕಟ್ಟುಗಳ ಕಾಲದ ಕಹಿಯನ್ನು ನೆನೆದರೆ ಇದೊಂದು ಒಳ್ಳೆಯ ಹೆಜ್ಜೆ. ಆದರೆ ಗುತ್ತಿಗೆ ಹಣ ಬರುವುದು ಜಮೀನಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಹೊಲವೂ ಹೋಯಿತು, ಹಣವೂ ಇಲ್ಲ.

ಈ ಬಿಸಿಲು ಇಂಜಿನಿಯರುಗಳಿಗೆ ಎರಡು ಹೊಸ ಸಮಸ್ಯೆಗಳನ್ನು ತಂದಿದೆ. ಮೊದಲನೆಯದು ಎಲ್ಲರಿಗೂ ತಿಳಿಯುವಂಥದ್ದು. ಸೌರ ವಿದ್ಯುತ್ತು ಮಧ್ಯಾಹ್ನ ಉಕ್ಕುತ್ತದೆ, ಸಂಜೆ ಆರರ ಹೊತ್ತಿಗೆ ಇಳಿದುಬಿಡುತ್ತದೆ. ಮನೆಮನೆಯಲ್ಲಿ ದೀಪ, ಟಿ.ವಿ., ಮಿಕ್ಸಿಗಳು ಎಚ್ಚರಗೊಳ್ಳುವುದು ಆಗಲೇ. ಸೂರ್ಯ ಮುಳುಗುವ ಒಂದೆರಡು ಗಂಟೆಗಳಲ್ಲಿ ಉಷ್ಣ ಮತ್ತು ಜಲ ಕೇಂದ್ರಗಳು ಆ ತೆರವನ್ನು ತುಂಬಬೇಕು. ಒಂದೇ ಸಮನೆ ಉರಿಯಲೆಂದು ಕಟ್ಟಿದ ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳಿಗೆ ದಿನವೂ ಇಳಿದು ಏರುವುದು ಹಿಂಸೆ. ಬಾಯ್ಲರುಗಳ ಲೋಹ ಕಾದು ತಣಿದು ಬೇಗ ದಣಿಯುತ್ತದೆ.

ಎರಡನೆಯ ಸಮಸ್ಯೆ ಕಣ್ಣಿಗೆ ಕಾಣದ್ದು. ಶರಾವತಿಯಲ್ಲಾಗಲಿ ರಾಯಚೂರಿನಲ್ಲಾಗಲಿ ತಿರುಗುವ ಜನರೇಟರುಗಳು ಟನ್ನುಗಟ್ಟಲೆ ತೂಕದವು. ಕುಂಬಾರ ಕೋಲು ತೆಗೆದ ಮೇಲೂ ಅವನ ತಿಗರಿ ಕೆಲಕಾಲ ತಿರುಗುವಂತೆ, ಎಲ್ಲೋ ಒಂದು ಕೇಂದ್ರ ಕಳಚಿಕೊಂಡರೂ ಉಳಿದ ಯಂತ್ರಗಳ ಜಡತ್ವವೇ ಕೆಲವು ಸೆಕೆಂಡು ಜಾಲವನ್ನು ನಡೆಸುತ್ತದೆ. ಆ ಸೆಕೆಂಡುಗಳಲ್ಲಿ ಬೇರೆ ಕೇಂದ್ರಗಳು ಎಚ್ಚೆತ್ತುಕೊಳ್ಳುತ್ತವೆ. ಸೌರಫಲಕದಲ್ಲಿ ತಿರುಗುವುದು ಏನೂ ಇಲ್ಲ. ಅದರ ಡಿ.ಸಿ.ಯನ್ನು ಎ.ಸಿ. ಮಾಡುವ ಇನ್ವರ್ಟರು ಜಾಲದ ಲಯವನ್ನು ಕೇಳಿಸಿಕೊಂಡು ತಾಳ ಹಾಕುತ್ತದೆ ಅಷ್ಟೆ. ಲಯವೇ ತಪ್ಪಿದರೆ ಅದು ಕೈಬಿಟ್ಟು ಹೊರಗೆ ನಿಲ್ಲುತ್ತದೆ. ಮೇಳದಲ್ಲಿ ಎಲ್ಲರೂ ಹಿಮ್ಮೇಳದವರೇ ಆದರೆ ಭಾಗವತರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಆಸ್ಟ್ರೇಲಿಯದ ದಕ್ಷಿಣ ಪ್ರಾಂತ್ಯಕ್ಕೆ ಈ ಪ್ರಶ್ನೆ 2016ರ ಸೆಪ್ಟೆಂಬರ್ 28ರಂದು ಎದುರಾಯಿತು. ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿದವು. ವೋಲ್ಟೇಜು ಮತ್ತೆ ಮತ್ತೆ ಕುಸಿದಾಗ, ತಮ್ಮ ರಕ್ಷಣೆಗೆಂದು ಮಾಡಿದ್ದ ಹೊಂದಾಣಿಕೆಯ ಪ್ರಕಾರ ಹಲವು ಗಾಳಿಯಂತ್ರ ಕೇಂದ್ರಗಳು ಜಾಲ ಬಿಟ್ಟು ಹೊರಬಂದವು. ಇಡೀ ಪ್ರಾಂತ್ಯ ಕತ್ತಲಾಯಿತು. ಮರುವರ್ಷ ಅಲ್ಲಿ 100 ಮೆಗಾವಾಟ್‌ನ ಬ್ಯಾಟರಿ ಕೇಂದ್ರವನ್ನು ನೂರು ದಿನಗಳ ಒಳಗೆ ಕಟ್ಟಿದರು. ಯಂತ್ರಗಳು ಎಚ್ಚೆತ್ತುಕೊಳ್ಳುವ ಮೊದಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿ ವಿದ್ಯುತ್ ಸುರಿಯಬಲ್ಲದು ಎಂಬುದು ಅಲ್ಲಿ ಸಿದ್ಧವಾಯಿತು. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಕತ್ತಲಾದಾಗ ಕಾರಣ ಬೇರೆ ಇತ್ತು. ಅಲ್ಲಿ ವೋಲ್ಟೇಜು ಮಿತಿ ಮೀರಿ ಏರಿ, ಕೇಂದ್ರಗಳು ಒಂದಾದ ಮೇಲೊಂದರಂತೆ ಕಳಚಿಕೊಂಡವು. ಬಿಸಿಲು ಗಾಳಿಗಳನ್ನು ದೂರಿ ಪ್ರಯೋಜನವಿಲ್ಲ. ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಹೊಣೆಯನ್ನು ಹೊಸ ಕೇಂದ್ರಗಳಿಗೂ ವಹಿಸಬೇಕು ಎಂಬುದು ಅದರಿಂದ ಕಲಿಯಬೇಕಾದ ಪಾಠ.

ಅದಕ್ಕೆ ಉತ್ತರ ಎಲೆಕ್ಟ್ರಾನಿಕ್ಸ್‌ನಿಂದಲೇ ಬರುತ್ತಿದೆ. ತಾಳ ಹಾಕುವ ಇನ್ವರ್ಟರುಗಳ ಜಾಗದಲ್ಲಿ, ಲಯವನ್ನು ತಾವೇ ಹಿಡಿದು ನಡೆಸಬಲ್ಲ ಇನ್ವರ್ಟರುಗಳು ಬರುತ್ತಿವೆ. ಬೆನ್ನಿಗೆ ಬ್ಯಾಟರಿ ಇದ್ದರೆ, ತೂಕದ ಚಕ್ರವೊಂದು ಹೇಗೆ ವರ್ತಿಸುತ್ತದೋ ಹಾಗೆಯೇ ಅವು ಲೆಕ್ಕ ಹಾಕಿ ವರ್ತಿಸುತ್ತವೆ. ಕಬ್ಬಿಣದ ಗುಣವನ್ನು ಗಣಿತದಿಂದ ತುಂಬಿಕೊಡುವ ಕೆಲಸ ಇದು. ಆದರೆ ಕಬ್ಬಿಣದ ಚಕ್ರ ಕೆಲಹೊತ್ತು ತನ್ನ ಅಳತೆಯ ನಾಲ್ಕಾರು ಪಟ್ಟು ಪ್ರವಾಹವನ್ನೂ ತಾಳೀತು. ಸಿಲಿಕಾನ್ ಸ್ವಿಚ್ಚು ಮಿತಿ ಮೀರಿದ ಕ್ಷಣದಲ್ಲೇ ಸುಟ್ಟುಹೋಗುತ್ತದೆ. ಸಾವಿರಾರು ಇನ್ವರ್ಟರುಗಳು, ಬೇರೆ ಬೇರೆ ತಯಾರಕರ ಬೇರೆ ಬೇರೆ ಲೆಕ್ಕಗಳು, ಒಂದೇ ಜಾಲದಲ್ಲಿ ಜಗಳವಿಲ್ಲದೆ ಬಾಳುವಂತೆ ಮಾಡುವುದು ಈ ಶಾಸ್ತ್ರದ ಇಂದಿನ ದೊಡ್ಡ ಸವಾಲುಗಳಲ್ಲಿ ಒಂದು.

ನೀರನ್ನು ಮೇಲಕ್ಕೆ ಹತ್ತಿಸುವುದು

ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಕಾದಿಡಲು ಬ್ಯಾಟರಿಯ ಜೊತೆಗೆ ಇನ್ನೊಂದು ಹಳೆಯ ಉಪಾಯವಿದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಸಂಜೆ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಎತ್ತಲು ನಾಲ್ಕು ಯೂನಿಟ್ ಖರ್ಚಾದರೆ ಸುಮಾರು ಮೂರು ಮರಳಿ ಬರುತ್ತವೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಇಂಥ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿದೆ. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಅಣೆಕಟ್ಟು ಬೇಕಿಲ್ಲ ಎಂಬುದು ಅದರ ಪರವಾದ ವಾದ. ಸುರಂಗ, ರಸ್ತೆಗಳು ಹಾದುಹೋಗುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ, ಕಡಿದಾದ ಮಳೆಕಾಡಿನ ಇಳಿಜಾರುಗಳಲ್ಲಿ ಎಂಬುದು ವಿರೋಧಿಸುವವರ ವಾದ.

ಶರಾವತಿಯ ಜನಕ್ಕೆ ಇಂಥ ಲೆಕ್ಕಗಳು ಹೊಸವಲ್ಲ. ಹಿರೇಭಾಸ್ಕರ ಅಣೆಕಟ್ಟು ಬಂದಾಗ ಮೊದಲ ಸಲ, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಎರಡನೆಯ ಸಲ ಅಲ್ಲಿನ ಹಳ್ಳಿಗಳು ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಈಗಲೂ ತಲೆ ಎತ್ತುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಆ ಸಂತ್ರಸ್ತರ ಎಷ್ಟೋ ಕುಟುಂಬಗಳು ತಾವು ಹೋಗಿ ನೆಲೆಸಿದ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಹಿನ್ನೀರಿನ ಆಚೆ ಉಳಿದವರು ಲಾಂಚಿನಲ್ಲೇ ದಾಟಬೇಕಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟಿನ ಯಂತ್ರಗಳಿಗೆ ಕೆಲವೇ ವರ್ಷ ಸಾಕಾಗಿತ್ತು, ಜನರ ಸೇತುವೆಗೆ ಅರವತ್ತು ವರ್ಷ ಹಿಡಿಯಿತು. ಹೊಸ ಯೋಜನೆಯ ಮಾತು ಬಂದಾಗ ಅಲ್ಲಿನವರು ಅನುಮಾನದಿಂದ ನೋಡುವುದಕ್ಕೆ ಕಾರಣವಿದೆ.

ತಂತಿಯ ಕೊನೆಯ ಕಂಬ

ಜಾಲದ ದೊಡ್ಡ ಮಾತುಗಳೆಲ್ಲ ಕೊನೆಗೆ ಪರೀಕ್ಷೆಗೆ ಒಳಗಾಗುವುದು ಊರಾಚೆಯ ಟ್ರಾನ್ಸ್‌ಫಾರ್ಮರಿನ ಬಳಿ. ಕರ್ನಾಟಕದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಆಗ ರೈತ ಹೊಲಕ್ಕೆ ಹೋಗಬೇಕು. ಎಷ್ಟೋ ವರ್ಷಗಳ ಕಾಲ ಅದು ನಡುರಾತ್ರಿಯೇ ಆಗಿತ್ತು. ಕತ್ತಲಲ್ಲಿ ಹಾವು ತುಳಿದವರು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದವರು, ಕಾಡಂಚಿನಲ್ಲಿ ಆನೆಗೆ ಸಿಕ್ಕವರು ಬಹಳ. ನಗರ ಮಲಗಿದಾಗ ಉಳಿಯುವ ವಿದ್ಯುತ್ತನ್ನು ಹಳ್ಳಿಗೆ ಕೊಡುವುದು ಜಾಲದ ಅನುಕೂಲವಾಗಿತ್ತು. ಅದರ ಬೆಲೆ ತೆತ್ತವನು ರೈತ.

ಬಿಸಿಲಿನ ವಿದ್ಯುತ್ತು ಇಲ್ಲೊಂದು ನ್ಯಾಯ ತರಬಲ್ಲದು. ವಿದ್ಯುತ್ತು ಹಗಲಿನಲ್ಲೇ ಉಕ್ಕುವುದಾದರೆ ಪಂಪ್‌ಸೆಟ್‌ಗಳನ್ನು ಹಗಲಿಗೆ ತರುವುದೇ ಜಾಲಕ್ಕೂ ಲಾಭ. ಹೊಲಗಳಿಗೆ ಹೋಗುವ ಮಾರ್ಗಗಳನ್ನು ಮನೆಗಳ ಮಾರ್ಗಗಳಿಂದ ಬೇರೆ ಮಾಡಿ, ಆ ಮಾರ್ಗದ ಉಪಕೇಂದ್ರದ ಪಕ್ಕದಲ್ಲೇ ಸಣ್ಣ ಸೌರ ಘಟಕ ಕಟ್ಟುವ ಯೋಜನೆಗಳು ನಡೆದಿವೆ. ವಿದ್ಯುತ್ತು ನೂರಾರು ಕಿಲೋಮೀಟರ್ ಅಲೆಯದೆ ಹುಟ್ಟಿದಲ್ಲೇ ಬಳಕೆಯಾದರೆ ನಷ್ಟವೂ ತಗ್ಗುತ್ತದೆ. ಆದರೆ ಅಂತರ್ಜಲದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹಗಲಿನಲ್ಲಿ ಸುಲಭವಾಗಿ ಕರೆಂಟು ಬಂದರೆ ಕೊಳವೆಬಾವಿ ಇನ್ನಷ್ಟು ಆಳಕ್ಕೆ ಇಳಿಯುವುದನ್ನು ಯಾವ ಇನ್ವರ್ಟರೂ ತಡೆಯಲಾರದು.

ಹಂಚಿಕೆಯ ಜಾಲವನ್ನು ಒಂದೇ ದಿಕ್ಕಿನ ಹರಿವಿಗಾಗಿ ಕಟ್ಟಲಾಗಿತ್ತು. ಈಗ ಚಾವಣಿಯ ಮೇಲಿನ ಫಲಕಗಳು ಮಧ್ಯಾಹ್ನ ಹಿಮ್ಮುಖವಾಗಿ ವಿದ್ಯುತ್ ತಳ್ಳುತ್ತವೆ. ರಾತ್ರಿ ಮನೆ ಮುಂದೆ ನಿಂತ ಕಾರು, ಸ್ಕೂಟರುಗಳು ಚಾರ್ಜಿಗಾಗಿ ಹೀರುತ್ತವೆ. ಒಂದೇ ಬೀದಿಯ ಟ್ರಾನ್ಸ್‌ಫಾರ್ಮರ್ ಹಗಲು ಹೆಚ್ಚಿನ ವೋಲ್ಟೇಜನ್ನೂ ರಾತ್ರಿ ಹೆಚ್ಚಿನ ಭಾರವನ್ನೂ ತಾಳಬೇಕಾಗಿದೆ. ಅದು ಸುಟ್ಟರೆ ಮಳೆಯಲ್ಲೂ ಕಂಬ ಹತ್ತಬೇಕಾದವನು ಪವರ್‌ಮನ್. ಅವನ ಕೈಗವಸು, ಏಣಿ, ತರಬೇತಿಗಳೂ ಆಧುನಿಕ ವಿದ್ಯುತ್ ತಂತ್ರಜ್ಞಾನದ ಭಾಗವೇ. ಆ ಲೆಕ್ಕ ಯೋಜನಾ ವರದಿಗಳಲ್ಲಿ ಅಪರೂಪಕ್ಕೆ ಕಾಣುತ್ತದೆ.

1902ರಲ್ಲಿ ಇಡೀ ಸಂಸ್ಥಾನದ ವಿದ್ಯುತ್ತು ಒಂದು ಜಲಪಾತದಿಂದ ಒಂದು ಗಣಿಗೆ ಹೋಗುತ್ತಿತ್ತು. 2024ರ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವಾಟ್ ಮುಟ್ಟಿತು. ಅಷ್ಟು ದೊಡ್ಡ ಜಾಲವನ್ನು ಸೆಕೆಂಡಿಗೆ 50 ಆವರ್ತದ ಒಂದೇ ಲಯದಲ್ಲಿ ನಡೆಸುವ ವಿದ್ಯೆ ಮನುಷ್ಯನಿಗೆ ದಕ್ಕಿದೆ. ಜಡತ್ವವಿಲ್ಲದ ಜಾಲವನ್ನು ನಿಲ್ಲಿಸುವ ವಿದ್ಯೆಯೂ ದಕ್ಕೀತು. ಅದಕ್ಕೆ ಬೇಕಾದ ಹರಳು, ಬ್ಯಾಟರಿ, ಗಣಿತಗಳು ಸಿದ್ಧವಾಗುತ್ತಿವೆ. ಯಾರ ನೆಲದ ಮೇಲೆ ಫಲಕ, ಯಾರ ಕಾಡಿನಲ್ಲಿ ಸುರಂಗ, ಯಾರ ಹೊಲಕ್ಕೆ ಹಗಲಿನ ಕರೆಂಟು ಎಂಬುದನ್ನು ಮಾತ್ರ ಯಾವ ಸ್ವಿಚ್ಚೂ ತೀರ್ಮಾನಿಸುವುದಿಲ್ಲ. ಗಣಿ ಮೊದಲು, ನಗರ ಆಮೇಲೆ, ಹಳ್ಳಿ ಕೊನೆಗೆ ಎಂದು ಅಂದು ಬಿದ್ದ ಕ್ರಮವನ್ನು ತಿರುಗಿಸುವ ಅವಕಾಶ ಈಗ ಬಂದಿದೆ. ಬಳಸಿಕೊಳ್ಳುವುದು ಬಿಡುವುದು ಜನರಿಗೂ ಅವರ ಸರ್ಕಾರಗಳಿಗೂ ಸೇರಿದ್ದು.